ಎಲ್ಲರೂ ಸರಿಮಾಡಿದ ಪಂಪು

ಈ ಬೇಸಿಗೆಯಲ್ಲಿ ನಮ್ಮ ಮನೆಯ ಪಂಪನ್ನು ತುಂಬ ಜನ ರಿಪೇರಿ ಮಾಡಿದರು. ಎಲ್ಲರೂ ಗೆದ್ದರು. ಪಂಪು ಮಾತ್ರ ಕೆಟ್ಟೇ ಇತ್ತು.

ಕಲಬುರಗಿಯ ಮೇ ತಿಂಗಳು, ನೆರಳಲ್ಲೇ 42 ಡಿಗ್ರಿ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಭರ್ರನೆ ನೀರೆತ್ತುತ್ತಿದ್ದ ಅರ್ಧ ಎಚ್‌ಪಿ ಪಂಪು ಈಗ ಕೆಮ್ಮುತ್ತ, ಗಾಳಿ ಉಗುಳುತ್ತ ಕಿರುಬೆರಳು ಗಾತ್ರದ ಧಾರೆ ಬಿಡುತ್ತಿತ್ತು. ಆಮೇಲೆ ಅದೂ ನಿಂತು ಬರೀ ಸದ್ದು. ಮುಚ್ಚಳ ಬಿಚ್ಚಿ ತಂಬಿಗೆಯಿಂದ ನೀರು ಕುಡಿಸಿದರೆ ಸ್ವಲ್ಪ ಹೊತ್ತು ಸರಿ. ಮತ್ತೆ ಅದೇ ರಾಗ.

"ಏರ್ ಹಿಡದದ" ಅಂದರು ಎಲ್ಲರೂ. ಅದೇನೋ ನಿಜ. ಆ ಏರು ಎಲ್ಲಿಂದ ಬಂತು ಅನ್ನುವಲ್ಲಿ ಪಕ್ಷಗಳಾದವು.

ಪಕ್ಕದ ಮನೆ ಕಾಕಾ ಓಲ್ಟೇಜ್ ಪಕ್ಷ. "ಮಂದಿ ಎಲ್ಲಾ ಕೂಲರ್ ಹಚ್ಯಾರವ್ವಾ, ಕರೆಂಟಿಗೆ ದಮ್ಮೇ ಇಲ್ಲ." ಅವರ ಮಾತಿಗೆ ಒಂದು ಸ್ಟೆಬಿಲೈಸರ್ ಬಂತು. ಮೆಕ್ಯಾನಿಕ್ ಬಂದು ಕೆಪ್ಯಾಸಿಟರ್ ಬದಲಿಸಿದ. ಕೆಪ್ಯಾಸಿಟರ್ ಸೋತರೆ ಮೋಟರ್ ಗುಂಯ್ ಅಂತ ಏಳಲಾರದೆ ಕೂರುತ್ತದೆ. ನಮ್ಮದು ಓಣಿಗೆಲ್ಲ ಕೇಳುವಂತೆ ಓಡುತ್ತಿತ್ತು. ಆದರೂ ದುಡ್ಡು ಕೊಟ್ಟೆವು, ಬಿಸಿಲಲ್ಲಿ ಬಂದಿದ್ದ ಪಾಪ. ನಮ್ಮನೆಯವರು ಸಂಪಿಗಿಳಿದು, ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಜಾರದಂತೆ ತಡೆಯುವ ಫುಟ್ ವಾಲ್ವ್ ಹೊಸದು ಹಾಕಿದರು. ಪಾಚಿ ಮೆತ್ತಿದ ಪ್ಯಾಂಟಿನಲ್ಲೇ ಓಣಿ ತುಂಬ ಒಂದು ಸುತ್ತು ಹಾಕಿ ಬಂದರು. ಅತ್ತೆ ಮೋಟರಿಗೆ ಕುಂಕುಮ ಹಚ್ಚಿ, ಶರಣಬಸವೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿದರು.

ಮಜಾ ಅಂದ್ರೆ, ಪ್ರತಿ ಸಲವೂ ಪಂಪು ಸರಿಹೋಯಿತು! ಒಂದೆರಡು ದಿನ ನೀರು ಧೋ ಅಂತ ಬರುತ್ತಿತ್ತು. ಸರಿಮಾಡಿದವರಿಗೆ ಚಹಾ, ಹೊಗಳಿಕೆ. ಆಮೇಲೆ ಮತ್ತೆ ಕೆಮ್ಮು.

ನನಗೆ ಗುಮಾನಿ ಬಂದದ್ದು ಆಗ. ನಮ್ಮ ಓಣಿಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಸಂಪಿನ ತಳ ಕಾಣುವ ಹೊತ್ತಿಗೆ ಪಂಪು ಕೈಕೊಡುತ್ತದೆ, ಎಲ್ಲರಿಗೂ ರಿಪೇರಿಯ ಹುರುಪು ಬರುತ್ತದೆ. ಮರುದಿನ ನಳ ಬಂದು ಸಂಪು ತುಂಬುತ್ತದೆ. ಹೆಸರು ಮಾತ್ರ ಹಿಂದಿನ ದಿನ ಪಾನಾ ಹಿಡಿದವರಿಗೆ.

ಪಂಪು ನಿಜವಾಗಿ ನೀರನ್ನು ಎಳೆಯುವುದಿಲ್ಲ ಅಲ್ವಾ? ಪೈಪಿನೊಳಗೆ ಒತ್ತಡ ತಗ್ಗಿಸುತ್ತದೆ, ಹೊರಗಿನ ಗಾಳಿಯ ಭಾರವೇ ನೀರನ್ನು ಮೇಲಕ್ಕೆ ದೂಡುತ್ತದೆ. ಅದಕ್ಕೇ ಮೇಲೆ ಕೂತು ಹೀಗೆ ನೀರೆತ್ತುವ ಪಂಪು ಸುಮಾರು 10 ಮೀಟರಿಗಿಂತ ಆಳದ ನೀರನ್ನು ಎತ್ತಲಾರದು. ಮನೆಯ ಪಂಪಿಗೆ ಏಳೆಂಟು ಮೀಟರೇ ಜಾಸ್ತಿ. ಸಂಪು ತುಂಬಿದ್ದಾಗ ಅದಕ್ಕೆ ಕೆಲಸ ಕಮ್ಮಿ, ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ನಡೆಯುತ್ತದೆ. ನೀರು ಕೆಳಗಿಳಿದಷ್ಟೂ ಒಳಗಿನ ಒತ್ತಡ ತಗ್ಗಿ, ಆ ಬಿರುಕಿನಿಂದ ಗಾಳಿ ನುಗ್ಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಹುಡುಕುವುದು ಹೇಗೆ?

ಸಂಪು ಇಳಿಯುವವರೆಗೆ ಸುಮ್ನೆ ಕಾದೆ. ನಮ್ಮನೆಯವರ ಶೇವಿಂಗ್ ಕ್ರೀಮು, ಬ್ರಷ್ಷು ತಂದು, ಪಂಪು ಓಡುತ್ತಿರುವಾಗಲೇ ಸಂಪಿನ ಕಡೆಯ ಜಾಯಿಂಟಿಗೆಲ್ಲ ನೊರೆ ಬಳಿದೆ. ಎಲ್ಬೋ ಮೇಲಿನ ನೊರೆ ಹಾಗೇ ಇತ್ತು. ಪೈಪನ್ನು ಪಂಪಿನ ಬಾಯಿಗೆ ಕೂಡಿಸುವ, ಬಿಚ್ಚಿ ಹಾಕಬಹುದಾದ ಜಾಯಿಂಟು, ಅಂದರೆ ಯೂನಿಯನ್ ಹತ್ತಿರ ಮಾತ್ರ ನೊರೆಯಲ್ಲೊಂದು ಸಣ್ಣ ಗುಳಿ ಬಿತ್ತು. ಗುಳಿ ಅಗಲವಾಯಿತು. ನೋಡನೋಡುತ್ತ ಒಂದು ಬೆರಳಗಲ ನೊರೆ ಸುಯ್ ಅಂತ ಒಳಗೆ ಹೋಯಿತು. ಪಂಪು ಗಂಟಲು ಸರಿಮಾಡಿಕೊಂಡಿತು!

ಶಹಾಬಾದ್ ಕಲ್ಲು ಹಾಸಿದ ಅಂಗಳದ ಬಿಸಿಲು ಒಂದು ಕಡೆ, ನೀರಿಲ್ಲದೆ ಓಡಿ ಓಡಿ ಕಾದ ಪಂಪು ಇನ್ನೊಂದು ಕಡೆ. ನಡುವಿನ ಪಿವಿಸಿ ಮೆತ್ತಗಾಗಿ, ಥ್ರೆಡ್ಡು ಸಡಿಲಾಗಿತ್ತು. ಹೊಸ ಯೂನಿಯನ್, ನಾಲ್ಕು ಸುತ್ತು ಟೆಫ್ಲಾನ್ ಟೇಪು. ಮುಗೀತು. ಅವತ್ತಿನ ಸ್ನಾನದ ನೀರಿಗೆ ಮಾತ್ರ ಪುದೀನಾ ವಾಸನೆ.

ಈಗ ಸಂಪಿನ ತಳದವರೆಗೂ ಒಂದೇ ಸಮ ನೀರು ಬರುತ್ತದೆ. ಓಲ್ಟೇಜ್ ಸುಧಾರಿಸಿದೆ ಅನ್ನುತ್ತಾರೆ ಕಾಕಾ. "ದೇವ್ರು ಕೂಡ್ಲೇ ಕೊಡ್ತಾನೇನು? ತಡ ಆತು, ಅಷ್ಟೇ" ಅನ್ನುತ್ತಾರೆ ಅತ್ತೆ. ನಮ್ಮನೆಯವರು ಫುಟ್ ವಾಲ್ವಿನ ಸುದ್ದಿ ಬಿಟ್ಟಿದ್ದಾರೆ. ಯಾರಾದರೂ ನನ್ನನ್ನು ಹೊಗಳಲು ಬಾಯಿ ತೆರೆದರೆ ಸಾಕು, ನಡುವೆ ಬಾಯಿ ಹಾಕುತ್ತಾರೆ: "ಕ್ರೀಮ್ ಯಾರದಿತ್ತು, ಕೇಳ್ರಿ."