ಶಾರ್ ಬರೀ ಕತ್ತಲ ದೇವಿಯಲ್ಲ

ಬಾಲ್ಡರ್ಸ್ ಗೇಟ್ 3 ಗೇಮ್‌ನಲ್ಲಿ ಶಾರ್ ಅನ್ನೋ ಕಾಲ್ಪನಿಕ ದೇವಿಯನ್ನು ಗುಟ್ಟಾಗಿ ಪೂಜಿಸುವ ಪಂಥದ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಚೆನ್ನಾಗಿದೆ. ಆದರೆ ‘ಕತ್ತಲನ್ನು ಯಾರಾದರೂ ಪೂಜಿಸುತ್ತಾರಾ’ ಅಂತ ನಕ್ಕು ಮುಂದೆ ಹೋಗಿದ್ದು ನನಗೆ ಒಪ್ಪಿಗೆಯಾಗಲಿಲ್ಲ ಸರ್. ಶಾರ್ ಕತ್ತಲಿನ ಜೊತೆಗೆ ನಷ್ಟದ ದೇವಿ, ಮರೆವಿನ ದೇವಿ. ನಿನ್ನ ನೋವು ಇಲ್ಲಿಡು, ಮರೆಸಿಬಿಡ್ತೀನಿ ಅನ್ನೋದೇ ಅವಳ ಆಮಿಷ. ಗೇಮ್‌ನಲ್ಲಿ ಶಾರ್‌ನ ಭಕ್ತೆಯಾಗಿ ಬರುವ ಶಾಡೋಹಾರ್ಟ್ ತನ್ನ ನೆನಪನ್ನೇ ಕಳೆದುಕೊಂಡು ಅದನ್ನು ಭಕ್ತಿ ಅಂದುಕೊಂಡಿರ್ತಾಳಲ್ಲ! ಗುಟ್ಟಿನ ಪಂಥಕ್ಕೆ ಜನ ಬೀಳೋದು ಕತ್ತಲಿನ ಆಸೆಗಲ್ಲ, ದುಃಖ ತಡೆಯಲಾಗದೆ. ಶಾರ್‌ನ ಅವಳಿ ಸೋದರಿ ಸೆಲೂನೆ ಚಂದ್ರದೇವತೆ ಅನ್ನೋದನ್ನೂ ನೀವು ಬಿಟ್ಟಿದ್ದೀರಿ. ಆ ಇಬ್ಬರು ಸೋದರಿಯರ ಜಗಳ ಇಲ್ಲದೆ ಕಥೆಯೇ ಇಲ್ಲ.

ಗೇಮ್ ಬಂದದ್ದು 2023ರ ಆಗಸ್ಟ್ 3, ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ 18, ಮದ್ದುಸೊಪ್ಪು ತಿನ್ನುವ ದಿನ. ಮರುವರ್ಷ ಅದೇ ಹೊತ್ತಿಗೆ ನಾನು ಗೇಮ್‌ನಲ್ಲಿ ಶಾರ್ ಗುಡಿಯೊಳಗಿದ್ದೆ. ತೋಟದಲ್ಲಿ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ಕರೆಂಟ್ ಹೋಯ್ತು, ಸೇವ್ ಕೂಡ ಮಾಡಿರಲಿಲ್ಲ. ಅಜ್ಜಿ ದೀಪ ಹಚ್ಚಿ ಮದ್ದುಸೊಪ್ಪಿನ ಪಾಯಸ ತಂದಿಟ್ಟರು. ಬಟ್ಟಲಿನ ನಡುವೆ ಕಪ್ಪು, ಅಂಚಿಗೆ ತೆಳ್ಳಗೆ ನೇರಳೆ. ಥೇಟ್ ಶಾರ್‌ನ ಚಿಹ್ನೆ! ‘ಏನು ನೋಡ್ತೀಯ, ತಿನ್ನು ಮಗ’ ಅಂದ್ರು. ತಿಂದೆ. (ಮರುದಿನ ಅದರ ಬಣ್ಣ ಮೂತ್ರದಲ್ಲಿ ಕಾಣಿಸುತ್ತೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ.)