ಕೋಳಿ ಬಿಟ್ಟರೆ ಸಾಲದು

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿರುವ ವಿಲೇಜ್ ಪಾರ್ಕ್ ಹೋಟೆಲಿನ ನಾಸಿ ಲೆಮಾಕ್, ಅಂದರೆ ತೆಂಗಿನ ಹಾಲಿನ ಅನ್ನದ ಊಟದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಓದುತ್ತಲೇ ಹಸಿವಾಯಿತು. ಆದರೆ ಒಂದು ಮಾತು ಒಪ್ಪಲಾಗಲಿಲ್ಲ. ಸಸ್ಯಾಹಾರಿಗಳು ಕೋಳಿ, ಮೊಟ್ಟೆ ಬೇಡ ಎಂದರೆ ಸಾಕು ಎಂದಿದ್ದೀರಿ. ಸಾಕಾಗುವುದಿಲ್ಲ! ಪಕ್ಕದಲ್ಲಿ ಹಾಕುವ ಸಾಂಬಾಲ್ ಎಂಬ ಕೆಂಪು ಮೆಣಸಿನಕಾಯಿ ಚಟ್ನಿ ಇದೆಯಲ್ಲ, ಅದಕ್ಕೆ ಸಾಮಾನ್ಯವಾಗಿ ಬೆಲಾಚಾನ್ ಬೀಳುತ್ತದೆ. ಸಿಗಡಿಗೆ ಉಪ್ಪು ಹಾಕಿ, ಹುಳಿ ಬರಿಸಿ ಮಾಡಿದ ಮುದ್ದೆ ಅದು. ಜೊತೆಗೆ ಇಕಾನ್ ಬಿಲಿಸ್ ಎಂಬ ಸಣ್ಣ ಒಣಮೀನು ಬೇರೆ. ನಮ್ಮ ಕಡೆಯಿಂದ ಹೋಗುವವರು ಮೊದಲೇ ಕೇಳಿಕೊಳ್ಳಲಿ.

ಮೀನು ತಿನ್ನುವವರಿಗೆ ಮಾತ್ರ ಆ ಸಾಂಬಾಲೇ ಊಟದ ಜೀವ. ಸಿಹಿ ಮುಂದೆ, ಖಾರ ಹಿಂದೆ. ಅನ್ನವೂ ಅಷ್ಟೇ, ತೆಂಗಿನ ಹಾಲಿನಲ್ಲಿ ಪಂದನ್ ಎಲೆ ಹಾಕಿ ಬೇಯಿಸಿದ್ದು. ಈ ಪಂದನ್ ನಮ್ಮ ಕೇದಿಗೆ ಜಾತಿಯದೇ. ಹುರಿದ ಕಡಲೆಬೀಜ, ಸೌತೆಕಾಯಿ ಇಲ್ಲದಿದ್ದರೆ ತಟ್ಟೆ ಬರೀ ಜಿಡ್ಡು ಅನ್ನಿಸುತ್ತಿತ್ತು.

ಜನಜಂಗುಳಿಯ ಬಗ್ಗೆ ನೀವು ಗೊಣಗಿದ್ದು ಸ್ವಲ್ಪ ಜಾಸ್ತಿ ಆಯ್ತು. ಭಾನುವಾರ ಬೆಳಗ್ಗೆ ಅಲ್ಲಿಗೆ ಹೋಗಿ ಖಾಲಿ ಟೇಬಲ್ ಹುಡುಕಿದರೆ ಸಿಗುತ್ತದಾ? ವಾರದ ದಿನ ಹೋಗಿ. ಬೆಳಗ್ಗೆಯೇ ಅಷ್ಟು ದೊಡ್ಡ ಕರಿದ ಕೋಳಿ ತುಂಡು ಬೇಕಾ ಅನ್ನುವುದು ಬೇರೆ ಪ್ರಶ್ನೆ. ನನಗಂತೂ ಬೇಕು, ಜೊತೆಗೆ ಒಂದು ತೇ ತಾರಿಕ್, ಅಂದರೆ ಎತ್ತಿ ಸುರಿದು ನೊರೆ ಬರಿಸಿದ ಹಾಲಿನ ಚಹಾ ಕೂಡ.