ಸ್ಲೈಡ್ ನೋಡಿ ಉಸಿರೆಣಿಸಲು ಬರುವುದಿಲ್ಲ

ಮಕ್ಕಳ ಆರೋಗ್ಯದ ಬಗ್ಗೆ ನಡೆಯುವ ಯಾವುದೇ ಸಿಎಂಇಯ, ಅಂದರೆ ವೈದ್ಯರ ಮುಂದುವರಿದ ಶಿಕ್ಷಣ ಕಾರ್ಯಕ್ರಮದ, ಆಹ್ವಾನಪತ್ರ ತೆಗೆದು ನೋಡಿ. ಬೆಳಿಗ್ಗೆ ನಾಲ್ಕು ಉಪನ್ಯಾಸ, ಮಧ್ಯಾಹ್ನ ಮೂರು, ಕೊನೆಗೆ ಪ್ರಮಾಣಪತ್ರ. ವಿಷಯಗಳಲ್ಲಿ ಅಪರೂಪದ ಕಾಯಿಲೆಗಳದ್ದೇ ಮೆರವಣಿಗೆ. ಉಸಿರು ಎಣಿಸುವುದು, ತೂಕಕ್ಕೆ ತಕ್ಕ ಡೋಸ್ ಬರೆಯುವುದು, ಹದಿನೈದರ ಹುಡುಗಿಯನ್ನು ಅಪ್ಪ ಅಮ್ಮ ಪಕ್ಕದಲ್ಲಿಲ್ಲದೆ ಐದು ನಿಮಿಷ ಮಾತಾಡಿಸುವುದು, ಇಂಥ ದಿನನಿತ್ಯದ ಕೆಲಸಕ್ಕೆ ಅಲ್ಲಿ ಜಾಗವೇ ಇಲ್ಲ. ಅವು ಎಲ್ಲರಿಗೂ ಬರುತ್ತವೆ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಬರುವುದಿಲ್ಲ ಎನ್ನುವುದು ನನ್ನ ವಾದ.

ಉಸಿರಿನಿಂದಲೇ ಶುರು ಮಾಡೋಣ. ಕೆಮ್ಮು ಇರುವ ಮಗುವಿನ ಉಸಿರು ಎಷ್ಟಿದ್ದರೆ ‘ವೇಗ’ ಎನ್ನಬೇಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಳು ಸರಳ: 2 ತಿಂಗಳೊಳಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2ರಿಂದ 11 ತಿಂಗಳಿಗೆ 50, 1ರಿಂದ 5 ವರ್ಷದೊಳಗೆ 40. ಬಾಯಿಪಾಠ ಎಲ್ಲರಿಗೂ ಇದೆ. ತಪ್ಪುವುದು ಎಣಿಕೆಯಲ್ಲಿ. ಆತುರದಲ್ಲಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತಾರೆ. ಎಂಟು ತಿಂಗಳ ಕೂಸಿಗೆ 12 ಎಣಿಸಿದರೆ 48, ಅಂದರೆ ಸರಿ ಇದೆ. 13 ಎಣಿಸಿದರೆ 52, ಅಂದರೆ ನ್ಯುಮೋನಿಯಾ. ಒಂದು ಉಸಿರಿನ ಮೇಲೆ ಆಂಟಿಬಯೋಟಿಕ್ ನಿಂತಿತು. ಎಳೆಗೂಸು ಒಂದೇ ಲಯದಲ್ಲಿ ಉಸಿರಾಡುವುದಿಲ್ಲ, ಆದ್ದರಿಂದ ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. ಮಗು ತಾಯಿಯ ಮಡಿಲಲ್ಲೇ ಇರಲಿ. ಹಾಲು ಕುಡಿಯುವಾಗ, ಅಳುವಾಗ ಎಣಿಸಬೇಡಿ. ಅಂಗಿಯನ್ನು ನಿಧಾನ ಮೇಲೆತ್ತಿ, ಎದೆಯಲ್ಲೋ ಹೊಟ್ಟೆಯಲ್ಲೋ ಚಲನೆ ಚೆನ್ನಾಗಿ ಕಾಣುವ ಒಂದು ಜಾಗ ಹಿಡಿದು ಅಲ್ಲೇ ನೋಡಿ. 2 ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ.

ಇದನ್ನು ಕಲಿಸಲು ಪ್ರೊಫೆಸರ್ ಬೇಡ, ಹತ್ತು ವಿಡಿಯೋ ಸಾಕು. ಪ್ರತಿ ವಿಡಿಯೋ ಒಂದು ನಿಮಿಷ. ಎಲ್ಲರೂ ಮಾತಾಡದೆ ತಮ್ಮ ಎಣಿಕೆಯನ್ನೂ, ಪಕ್ಕೆ ಸೆಳೆತ (ಉಸಿರೆಳೆದಾಗ ಎದೆಯ ಕೆಳಭಾಗ ಒಳಸರಿಯುವುದು) ಇದೆಯೋ ಇಲ್ಲವೋ ಎಂಬುದನ್ನೂ ಚೀಟಿಯಲ್ಲಿ ಬರೆಯಬೇಕು. ಎಲ್ಲ ಚೀಟಿಗಳ ಅಂಕಿಗಳನ್ನು ಬೋರ್ಡಿನ ಮೇಲೆ ಸಾಲಾಗಿ ಬರೆದರಾಯಿತು, ಉಪನ್ಯಾಸ ತಾನಾಗಿಯೇ ನಡೆದುಬಿಡುತ್ತದೆ.

ಡೋಸ್ ವಿಷಯ ಇನ್ನೂ ನಾಜೂಕು. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. 8 ಕಿಲೋ ಮಗುವಿಗೆ 120 ಮಿಲಿಗ್ರಾಂ ಎಂದುಕೊಳ್ಳಿ. 5 ಎಂಎಲ್‌ಗೆ 120 ಮಿಲಿಗ್ರಾಂ ಇರುವ ಸಿರಪ್ಪಾದರೆ 5 ಎಂಎಲ್, 5 ಎಂಎಲ್‌ಗೆ 250 ಇರುವ ಸಿರಪ್ಪಾದರೆ 2.4 ಎಂಎಲ್, ಎಂಎಲ್‌ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ 1.2 ಎಂಎಲ್. ಚೀಟಿಯಲ್ಲಿ ಬರೀ ‘5 ಎಂಎಲ್’ ಎಂದು ಬರೆದು, ಮನೆಯಲ್ಲಿ ಡ್ರಾಪ್ಸ್ ಬಾಟಲಿ ಇದ್ದರೆ ಮಗುವಿನ ಹೊಟ್ಟೆ ಸೇರುವುದು 500 ಮಿಲಿಗ್ರಾಂ, ಕಿಲೋಗೆ 60ಕ್ಕೂ ಮೇಲೆ. ತಾಯಿಯ ತಪ್ಪಲ್ಲ ಅದು, ಬರೆದವರದ್ದು. ಮಿಲಿಗ್ರಾಂ, ಔಷಧದ ಸಾಂದ್ರತೆ, ಎಂಎಲ್, ಮೂರೂ ಬರೆಯಬೇಕು. ‘.5’ ಅಲ್ಲ ‘0.5’, ‘5.0’ ಅಲ್ಲ ‘5’. ಚುಕ್ಕೆ ಮಸುಕಾದರೆ ಡೋಸ್ ಹತ್ತುಪಟ್ಟಾಗುತ್ತದೆ.

ಅನಾಫಿಲ್ಯಾಕ್ಸಿಸ್‌ನಲ್ಲಿ (ಜೀವಕ್ಕೇ ಅಪಾಯ ತರುವ ದಿಢೀರ್ ಅಲರ್ಜಿ) ಬೇಕಾದ ಅಡ್ರಿನಲಿನ್ ಲೆಕ್ಕವನ್ನೂ ಹೀಗೇ ಬೆರಳಿಗೆ ಅಭ್ಯಾಸ ಮಾಡಿಸಬೇಕು: ಕಿಲೋಗೆ 0.01 ಮಿಲಿಗ್ರಾಂ, ಎಂಎಲ್‌ಗೆ 1 ಮಿಲಿಗ್ರಾಂ ಇರುವ ಆಂಪ್ಯೂಲ್, ತೊಡೆಯ ಹೊರಮಗ್ಗುಲಿನ ಮಧ್ಯಭಾಗದ ಸ್ನಾಯುವಿಗೆ. 15 ಕಿಲೋಗೆ 0.15 ಎಂಎಲ್. ಅದನ್ನು 1 ಎಂಎಲ್ ಸಿರಿಂಜಿನಲ್ಲಿ ನಿಜವಾಗಿ ಎಳೆದು ತೋರಿಸಬೇಕು. ಆಂಟಿಹಿಸ್ಟಮಿನ್ ಮತ್ತು ಸ್ಟಿರಾಯ್ಡ್ ಕಡೆಗೆ ಮೊದಲು ಕೈ ಹೋಗುವುದೇ ಇಲ್ಲಿನ ಹಳೆಯ ರೋಗ.

ಉಪನ್ಯಾಸದಿಂದ ಏನೂ ಆಗುವುದಿಲ್ಲವೇ? ಸ್ವಲ್ಪ ಆಗುತ್ತದೆ. ಶೈಕ್ಷಣಿಕ ಸಭೆಗಳ ಬಗೆಗಿನ 2009ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ವೈದ್ಯರ ನಡೆಯಲ್ಲಿ ಕಂಡ ಸುಧಾರಣೆಯ ಮಧ್ಯಾಂಕ (ಮೀಡಿಯನ್) ಸುಮಾರು 6 ಶೇಕಡಾ ಅಂಶ. ಸಂಕೀರ್ಣ ನಡವಳಿಕೆ ಬದಲಿಸಲು ಬರೀ ಸಭೆ ಸಾಲದು ಎಂದೂ ಅದೇ ವಿಮರ್ಶೆ ಹೇಳಿತ್ತು. ‘ಕಾರ್ಯಕ್ರಮ ಹೇಗಿತ್ತು’ ಎಂಬ ಫಾರ್ಮಿನಲ್ಲಿ ಮಾತ್ರ ಎಲ್ಲರೂ ಐದಕ್ಕೆ ಐದು ಕೊಟ್ಟಿರುತ್ತಾರೆ!

ಕಲಿತದ್ದನ್ನು ಮರೆಯಿಸುವುದು ಇನ್ನೊಂದು ಕಷ್ಟ. ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡ ಎಂದು ಒಂದು ಕಾಲದಲ್ಲಿ ಸಲಹೆ ಕೊಡುತ್ತಿದ್ದರು. 2015ರ ಲೀಪ್ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಹಸುಗೂಸಿನಲ್ಲೇ ತಿನ್ನಿಸಿದ ಗುಂಪಿನಲ್ಲಿ ಐದನೇ ವರ್ಷಕ್ಕೆ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆ. ಹಳೆಯ ಸಲಹೆ ಬಾಯಿಂದ ಬಾಯಿಗೆ ಇಂದಿಗೂ ಓಡಾಡುತ್ತಿದೆ.

ಅರ್ಧ ಕೇಳಿಸಿಕೊಂಡ ಹೊಸ ವಿಷಯ ಹಳೆಯದಕ್ಕಿಂತ ಅಪಾಯ. ಉಗಾಂಡಾ, ಕೀನ್ಯಾ, ತಾಂಜಾನಿಯಾಗಳಲ್ಲಿ ನಡೆದ ಫೀಸ್ಟ್ ಪ್ರಯೋಗದಲ್ಲಿ (2011) ತೀವ್ರ ಜ್ವರದ ಜೊತೆ ರಕ್ತಸಂಚಾರ ಕುಂದಿದ ಮಕ್ಕಳಿಗೆ ರಕ್ತನಾಳದ ಮೂಲಕ ಬೋಲಸ್ ದ್ರವ (ಒಮ್ಮೆಗೇ ವೇಗವಾಗಿ ಹರಿಸುವ ದ್ರವ) ಕೊಟ್ಟಾಗ 48 ಗಂಟೆಯೊಳಗಿನ ಸಾವು ಶೇ. 10.5ರ ಆಸುಪಾಸು, ಕೊಡದಾಗ 7.3. ಇದನ್ನು ಒಂದೇ ಸ್ಲೈಡಿನಲ್ಲಿ ನೋಡಿದವರು ‘ಬೋಲಸ್ ಕೊಡಲೇಬಾರದು’ ಎಂದುಕೊಂಡು ಎದ್ದು ಹೋಗುತ್ತಾರೆ. ಆದರೆ ವಾಂತಿಭೇದಿಯ ಮಕ್ಕಳು ಆ ಪ್ರಯೋಗದಲ್ಲೇ ಇರಲಿಲ್ಲ. ತೀವ್ರ ನಿರ್ಜಲೀಕರಣಕ್ಕೆ ಕಿಲೋಗೆ 100 ಎಂಎಲ್ ಕೊಡುವ ಕ್ರಮ ಹಾಗೇ ಇದೆ: ವರ್ಷದೊಳಗಿನವರಿಗೆ 30 ಎಂಎಲ್ 1 ಗಂಟೆಯಲ್ಲಿ, ಉಳಿದ 70 ಎಂಎಲ್ 5 ಗಂಟೆಯಲ್ಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಅರ್ಧ ಗಂಟೆ ಮತ್ತು ಎರಡೂವರೆ ಗಂಟೆ. ‘ಯಾರನ್ನು ಸೇರಿಸಿಕೊಂಡಿರಲಿಲ್ಲ’ ಎನ್ನುವ ಸಾಲು ಪ್ರತಿ ಅಧ್ಯಯನದ ಸ್ಲೈಡಿನಲ್ಲೂ ದಪ್ಪಕ್ಷರದಲ್ಲಿರಲಿ.

ಇನ್ನು ಹದಿಹರೆಯ. 10ರಿಂದ 19 ವರ್ಷದವರು ಮಕ್ಕಳ ಡಾಕ್ಟರಿಗೂ ಪೂರ್ತಿ ಸೇರಿದವರಲ್ಲ, ದೊಡ್ಡವರ ಡಾಕ್ಟರಿಗೂ ಅಲ್ಲ. ಸಿಎಂಇಯಲ್ಲಿ ಅವರ ಪಾಲಿಗೆ ಉಳಿಯುವುದು ಊಟದ ನಂತರದ ಇಪ್ಪತ್ತು ನಿಮಿಷ. ಹೆಡ್ಸ್ ಎಂಬ ಪ್ರಶ್ನಾಕ್ರಮ ಎಲ್ಲರಿಗೂ ಗೊತ್ತು: ಮನೆ, ಓದು, ಹವ್ಯಾಸ, ಮಾದಕವಸ್ತು, ಲೈಂಗಿಕತೆ, ಆತ್ಮಹತ್ಯೆಯ ಯೋಚನೆ. ಸುಲಭದಿಂದ ಕಷ್ಟಕ್ಕೆ ಇಳಿಯುವ ಮೆಟ್ಟಿಲುಗಳವು. ಪಟ್ಟಿ ಗೊತ್ತಿದ್ದವರ ಬಾಯಲ್ಲೂ ವಾಕ್ಯ ಹೊರಡುವುದಿಲ್ಲ. ಹೊರಟರೆ, ‘ಏನೂ ತೊಂದರೆ ಇಲ್ಲ ತಾನೆ?’ ಅದಕ್ಕೆ ಬರುವ ಉತ್ತರ ಒಂದೇ: ‘ಇಲ್ಲ’.

ತರಬೇತಿಯಲ್ಲಿ ಮೊದಲು ಕಲಿಸಬೇಕಾದ್ದು ಗೋಪ್ಯತೆಯ ಮಾತು. ಅದನ್ನು ಪೋಷಕರ ಎದುರಿಗೇ ಹೇಳಿ, ಆಮೇಲೆ ಅವರನ್ನು ಹೊರಗೆ ಕೂರಲು ಕೇಳಿಕೊಳ್ಳಬೇಕು. ‘ನೀನು ಹೇಳಿದ್ದು ನಮ್ಮಿಬ್ಬರಲ್ಲೇ ಇರುತ್ತೆ. ಆದರೆ ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ, ಯಾರಾದರೂ ನಿನಗೆ ಹಿಂಸೆ ಕೊಡ್ತಿದ್ದರೆ, ನಾನು ಹೇಳಲೇಬೇಕಾಗುತ್ತೆ. ಹೇಳೋ ಮುಂಚೆ ನಿನಗೆ ತಿಳಿಸ್ತೀನಿ.’ ಪೂರ್ತಿ ಗುಟ್ಟು ಎಂದು ಮಾತು ಕೊಟ್ಟು ಆಮೇಲೆ ಮುರಿದರೆ ಆ ಹುಡುಗ ಇನ್ನೊಬ್ಬ ವೈದ್ಯರ ಮುಂದೆಯೂ ಬಾಯಿ ಬಿಡಲಾರ. ಯಾವುದನ್ನು ವರದಿ ಮಾಡಲೇಬೇಕು ಎಂಬ ಕಾನೂನು ಒಂದೊಂದು ಕಡೆ ಒಂದೊಂದು ಥರ; ಕಲಿಸುವವರು ತಮ್ಮಲ್ಲಿನದ್ದನ್ನು ಓದಿಕೊಂಡೇ ಬರಬೇಕು.

ಸಾವಿನ ಯೋಚನೆಯ ಪ್ರಶ್ನೆಯನ್ನು ಸುತ್ತಿಬಳಸಿ ಕೇಳಬಾರದು. ‘ಬದುಕೋದೇ ಬೇಡ, ಸಾಯ್ಬೇಕು ಅಂತ ಅನ್ನಿಸಿದ್ಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎನ್ನುವ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬಾರದು, ಯೋಜನೆ ಇದೆಯೇ ಎಂದು ಕೇಳಬೇಕು, ಅಪಾಯದ ವಸ್ತುಗಳನ್ನು ಕೈಗೆಟುಕದಂತೆ ತೆಗೆಸಬೇಕು, ಅವತ್ತೇ ಮಾನಸಿಕ ತಜ್ಞರಿಗೆ ತಲುಪಿಸಬೇಕು.

ಅಭ್ಯಾಸಕ್ಕೆ ಮೂವರ ಗುಂಪು: ಒಬ್ಬರು ವೈದ್ಯ, ಒಬ್ಬರು ಹದಿಹರೆಯದವರು, ಒಬ್ಬರು ನೋಡುವವರು. ಏಳು ನಿಮಿಷ. ನೋಡುವವರು ಹೌದು-ಇಲ್ಲದಲ್ಲಿ ಮುಗಿಯುವ ಪ್ರಶ್ನೆ ಎಷ್ಟು ಎಂದು ಗೆರೆ ಹಾಕಬೇಕು, ವೈದ್ಯರು ಆಡಿದ ಮಾತನ್ನು ಪದಕ್ಕೆ ಪದ ಓದಿ ಹೇಳಬೇಕು. ‘ಚೆನ್ನಾಗಿತ್ತು’ ಎಂಬ ಮಾತು ನಿಷೇಧ.

ಒಂದು ದಿನದ ಜಾತ್ರೆಯ ಬದಲು ಅದೇ ಗಂಟೆಗಳನ್ನು ವಾರಕ್ಕೆ ಹದಿನೈದು ನಿಮಿಷದಂತೆ ಹಂಚಿ. ನವಜಾತ ಶಿಶುವಿಗೆ ಬ್ಯಾಗ್-ಮಾಸ್ಕ್ ಹಿಡಿದು ನಿಮಿಷಕ್ಕೆ 40ರಿಂದ 60 ಉಸಿರು ಕೊಡುವ ಕೈಚಳಕ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಅಭ್ಯಾಸದ ಗೊಂಬೆ ಹೆರಿಗೆ ಕೋಣೆಯ ಮೂಲೆಯಲ್ಲೇ ಇರಲಿ, ಬೀರುವಿನಲ್ಲಿ ಬೀಗ ಹಾಕಿ ಅಲ್ಲ. ನರ್ಸ್‌ಗಳನ್ನೂ ಫಾರ್ಮಸಿಸ್ಟರನ್ನೂ ಅದೇ ಗುಂಪಿಗೆ ಸೇರಿಸಿ. ಡೋಸ್ ತಪ್ಪನ್ನು ಮೊದಲು ಹಿಡಿಯಬಲ್ಲವರು ಅವರೇ.

ತರಬೇತಿ ಫಲಿಸಿತೇ ಎಂಬ ಲೆಕ್ಕ ಸಿಗುವುದು ಕೇಸ್ ಶೀಟಿನಲ್ಲಿ. ಹಿಂದಿನ ತಿಂಗಳಿನ 20 ಶೀಟುಗಳನ್ನು ಆರಿಸದೆ ತೆಗೆದುಕೊಳ್ಳಿ. ತೂಕ ಬರೆದಿದೆಯೇ? ಕೆಮ್ಮಿದ ಮಗುವಿಗೆ ಉಸಿರಿನ ಸಂಖ್ಯೆ ಇದೆಯೇ? ಭೇದಿಗೆ ಓಆರ್‌ಎಸ್ ಜೊತೆ ಜಿಂಕ್ ಇದೆಯೇ? ಡೋಸ್ ಮಿಲಿಗ್ರಾಂನಲ್ಲಿದೆಯೇ? ಹದಿಹರೆಯದವರನ್ನು ಒಂಟಿಯಾಗಿ ಮಾತಾಡಿಸಿದ ಗುರುತಿದೆಯೇ? ಅಂಕಿಗಳನ್ನು ಆಯಾ ವೈದ್ಯರಿಗೆ ಬರಹದಲ್ಲೂ ಕೊಡಿ, ಕೂತು ಮಾತಲ್ಲೂ ಹೇಳಿ, ಒಂದೇ ಒಂದು ಗುರಿ ಇಟ್ಟುಕೊಳ್ಳಲಿ. ಮೂರು ತಿಂಗಳಾದ ಮೇಲೆ ಮತ್ತೆ 20 ಶೀಟು, ಅದೇ ಐದು ಪ್ರಶ್ನೆ. ಕ್ರೆಡಿಟ್ ಪಾಯಿಂಟ್ ಅದಾದ ಮೇಲೆ ಕೊಡಿ.